ಡೊಳ್ಳಪ್ಪನ ಮುಚ್ಚಳ

ಜನವರಿ ೨೨

ಕೆಂಡಕ್ಕಾ,

ನಾನು ಕ್ಷೇಮವಾಗಿಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ನಿನ್ನ ಮಗಳು ಹೇಳಿದಳು, ಅದನ್ನು ಕೇಳಿ ಇನ್ನೂ ಸ್ವಲ್ಪ ಹೊಟ್ಟೆ ಉರಿಯಿತು. ಕಾಗದ ಬಂತೆಂದು ಹೌಹಾರಬೇಡ. ಕಳೆದ ಸಲ ಫೋನಿನಲ್ಲಿ ಮಾತಾಡಿ ಏನಾಯಿತು ಅಂತ ನಿನಗೇ ಗೊತ್ತಲ್ಲ. ನಾನು ಒಂದು ಅಂದೆ, ನೀನು ಒಂಬತ್ತು ಅಂದೆ, ಕೊನೆಗೆ ಇಬ್ಬರೂ ಒಟ್ಟಿಗೇ ಫೋನ್ ಕುಕ್ಕಿದೆವು. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕುವಂತಿಲ್ಲ.

ವಿಷಯ ಡೊಳ್ಳಪ್ಪನದು. ಗುಜರಿಯಿಂದ ಆ ಹಳೇ ಪೀಪಾಯಿಯನ್ನು ನಾವಿಬ್ಬರೂ ಬೀದಿಯುದ್ದಕ್ಕೂ ಉರುಳಿಸಿಕೊಂಡು ಬಂದದ್ದು ನೆನಪಿದೆಯಾ? ಅಡ್ಡ ಮಲಗಿಸಿ, ಮೇಲಿನ ಅರ್ಧವನ್ನು ಸೀಳಿಸಿ ಮುಚ್ಚಳ ಮಾಡಿ, ಎಡಕ್ಕೆ ಒಲೆ, ಬಲಕ್ಕೆ ಹೊಗೆಕೊಳವೆ ಕೂರಿಸಿದ ದಿನ ಅದರ ಹೊಟ್ಟೆ ನೋಡಿ ಡೊಳ್ಳಪ್ಪ ಎಂದು ಕರೆದವಳು ನೀನೇ. ಅವತ್ತಿನಿಂದ ಬೆಂಕಿ ನಿನ್ನ ಪಾಲು, ಗಿರಾಕಿ ನನ್ನ ಪಾಲು. ಒಳಗೆ ಕೋಳಿಯೋ ಮೀನೋ ಹೊಗೆಯಲ್ಲಿ ನಿಧಾನಕ್ಕೆ ಬೇಯುತ್ತಿತ್ತು, ಹೊರಗೆ ನಾನು ಬಸ್ ಡಿಪೋದವರ ತಲೆ ತಿನ್ನುತ್ತಿದ್ದೆ. ಈಗ ನೀನು ಮಗಳ ಮಗು ನೋಡಿಕೊಳ್ಳಲು ಹೋದ ಮೇಲೆ ಎರಡೂ ನನ್ನ ತಲೆಗೇ ಬಂದಿದೆ. ಗಿರಾಕಿಯನ್ನು ನಿಭಾಯಿಸಬಲ್ಲೆ. ಬೆಂಕಿ ಮಾತ್ರ ನನ್ನ ಮಾತು ಕೇಳುವುದಿಲ್ಲ.

ಕಳೆದ ಶನಿವಾರದ ಕೋಳಿ ಹೊರಗೆ ಇದ್ದಿಲು, ಒಳಗೆ ಹಸಿ. ಮೀಸೆ ಡ್ರೈವರ್ ಒಂದು ತುಂಡು ಕಚ್ಚಿ ಕಿವಿಯ ಹತ್ತಿರ ಹಿಡಿದುಕೊಂಡ. "ಏನಮ್ಮಾ, ಇದಿನ್ನೂ ಕೂಗ್ತಾ ಇದೆಯಲ್ಲ?" ಅಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಒಳಗೆ ಹೋಗಿ ಅತ್ತೆ. ಉಳಿದ ಗಿರಾಕಿಗಳು ಅವನಷ್ಟು ಕೆಟ್ಟವರಲ್ಲ, ಅದೇ ತೊಂದರೆ. ಚೆನ್ನಾಗಿದೆ ಎನ್ನುತ್ತಾರೆ, ಅರ್ಧ ಬಿಟ್ಟು ಏಳುತ್ತಾರೆ, ಮರುದಿನ ಈ ಕಡೆ ತಲೆ ಹಾಕುವುದಿಲ್ಲ.

ನೀನು ಏನು ಮಾಡುತ್ತಿದ್ದೆ ಎಂದು ದಿನವೂ ಯೋಚಿಸುತ್ತೇನೆ. ಕೈ ಒರೆಸಿಕೊಂಡು ಮುಚ್ಚಳದ ಮೇಲೆ ಅಂಗೈ ಇಡುತ್ತಿದ್ದೆ. ಕಣ್ಣು ಮುಚ್ಚುತ್ತಿದ್ದೆ. ಸಾಲಿನಲ್ಲಿ ನಿಂತವರೂ ಸುಮ್ಮನಾಗುತ್ತಿದ್ದರು, ನಾನು ಕೂಡ. ನಾನು ಸುಮ್ಮನಾಗುತ್ತಿದ್ದದ್ದು ದಿನಕ್ಕೆ ಅದೊಂದೇ ಸಲ. ಆಮೇಲೆ ನೀನು "ಆಯ್ತು, ಏರಿಸು" ಅನ್ನುತ್ತಿದ್ದೆ. ನಾನು ಹಸಿ ಕೋಳಿಯ ತಟ್ಟೆ ತರುತ್ತಿದ್ದೆ. ಅಷ್ಟೇ. ಅಷ್ಟು ಸುಲಭವಾಗಿ ಕಾಣುತ್ತಿತ್ತು.

ಡಿಪೋದ ವೆಲ್ಡಿಂಗ್‌ನವನು ಹೇಳುತ್ತಾನೆ, "ಮುಚ್ಚಳಕ್ಕೊಂದು ಥರ್ಮಾಮೀಟರ್ ಹಾಕಿಸ್ಬಿಡಿ. ಒಂದೇ ಒಂದು ತೂತು, ಐದು ನಿಮಿಷದ ಕೆಲಸ." ನಿನ್ನನ್ನು ಕೇಳದೆ ಡೊಳ್ಳಪ್ಪನಿಗೆ ಕೈ ಹಚ್ಚುವುದಿಲ್ಲ ಎಂದಿದ್ದೇನೆ. ಮಗು ಸ್ವಲ್ಪ ದೊಡ್ಡದಾದ ಕೂಡಲೇ ಬರುತ್ತೇನೆ ಎಂದು ಹೋದವಳು ನೀನು. ಈಗ ಅದು ಮಗುಚಿಕೊಳ್ಳುತ್ತದಂತೆ. ಯಾವಾಗ ಬರುತ್ತೀಯ?

ನಿನ್ನ
ಬಾಯಿಬಡುಕಿ


ಫೆಬ್ರವರಿ ೬

ಬಾಯಿಬಡುಕಿ,

ತೂತು ಕೊರೆಸಿದರೆ ನೋಡು!

ಡ್ರಿಲ್ ಹಿಡಿದು ಡೊಳ್ಳಪ್ಪನ ಹತ್ತಿರ ಬಂದರೆ ಮೊದಲ ತೂತು ಅವನ ಮಂಡಿಗೆ ಬೀಳುತ್ತದೆ ಎಂದು ಆ ವೆಲ್ಡಿಂಗ್‌ನವನಿಗೆ ನನ್ನ ಹೆಸರಿನಲ್ಲಿ ಹೇಳು. ಅವನಿಗೆ ಎಲ್ಲಕ್ಕೂ ತೂತೇ ಮದ್ದು. ನಮ್ಮ ನೀರಿನ ಡ್ರಮ್ ಸೋರುತ್ತಿದೆ ಎಂದು ಕರೆದಾಗ ಇನ್ನೊಂದು ತೂತು ಮಾಡಿ, ಹಲ್ಲು ಕಿರಿದು ಹೋದವನು ಅವನೇ ಅಲ್ಲವೇ?

ಕೈ ಇರುವಾಗ ಥರ್ಮಾಮೀಟರ್ ಯಾಕೆ? ಸರಿಯಾಗಿ ಓದಿಕೋ. ಕೈ ತೊಳೆದು ಚೆನ್ನಾಗಿ ಒಣಗಿಸು. ಒದ್ದೆ ಕೈ ಸುಳ್ಳು ಹೇಳುತ್ತದೆ. ಕೊಳವೆಯ ಕಡೆ, ಮುಚ್ಚಳದ ಬಲಭಾಗದಲ್ಲಿ ಅಂಗೈ ಇಡು. ಬೆರಳಲ್ಲ, ಅಂಗೈ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಇಡಲು ಆಗಬೇಕು, ಎರಡನೆಯ ಉಸಿರಿಗೆ ಕೈ ತಾನಾಗಿ ಎದ್ದು ಬರಬೇಕು. ಮೊದಲನೆಯದಕ್ಕೇ ಎದ್ದರೆ ಒಲೆಯ ಗಾಳಿಕಿಂಡಿ ಮುಚ್ಚು. ಎರಡಕ್ಕೂ ಏಳದಿದ್ದರೆ ಕಟ್ಟಿಗೆ ಹಾಕು. ಇದರಲ್ಲಿ ಬ್ರಹ್ಮವಿದ್ಯೆ ಏನೂ ಇಲ್ಲ.

ನನಗೇನು ಯಾರಾದರೂ ಕಲಿಸಿದ್ದರೇ? ಮೊದಲ ಚಳಿಗಾಲದಲ್ಲಿ ನಾವು ಸುಟ್ಟು ಹಾಕಿದ ಕೋಳಿಗಳ ಲೆಕ್ಕ ದೇವರೇ ಬಲ್ಲ. ಮಾರಲು ಮುಖವಿಲ್ಲದೆ ಡಿಪೋದ ಗೋಡೆಯ ಮೇಲೆ ಕೂತು ನಾವೇ ತಿನ್ನುತ್ತಿದ್ದೆವು. ನಿನ್ನ ಹಲ್ಲೆಲ್ಲ ಕಪ್ಪು. ನೀನು ಹಾಗೇ ಕಪ್ಪು ಹಲ್ಲು ಬಿಟ್ಟು ಡಿಪೋ ಮ್ಯಾನೇಜರಿಗೆ ನಮಸ್ಕಾರ ಹೇಳಿದೆ, ಆ ಮನುಷ್ಯ ಹೆದರಿ ಸೈಕಲ್ಲಿನಿಂದ ಇಳಿದುಬಿಟ್ಟ. ಇಲ್ಲಿ ಮಗಳ ಮನೆಯ ಬಾಲ್ಕನಿಯಲ್ಲಿ ಬಟ್ಟೆ ಹರವುವಾಗ ಅದು ನೆನಪಾಗಿ ಒಬ್ಬಳೇ ನಕ್ಕೆ. ಎದುರುಮನೆಯವಳು ಕಿಟಕಿ ಮುಚ್ಚಿಕೊಂಡಳು.

ನಾಲ್ಕನೇ ಮಹಡಿಯ ಮನೆ ಇದು. ಎಲ್ಲ ಬೆಳ್ಳಗಿದೆ. ಹೊಗೆಯ ವಾಸನೆ ಇಲ್ಲದೆ ನನಗೆ ಊಟವೇ ಸೇರುವುದಿಲ್ಲ. ನನ್ನ ಕೋಟನ್ನು ಮಗಳು ಮೂರು ಸಲ ಒಗೆದು ಆ ವಾಸನೆಯನ್ನೂ ಓಡಿಸಿದಳು. ಜಗಳವಾಡಲು ಹೋದರೆ ಮಗು ಮಲಗಿದೆ, ಮೆಲ್ಲಗೆ ಮಾತಾಡಿ ಎನ್ನುತ್ತಾನೆ ಅಳಿಯ. ಮೆಲ್ಲಗೆ ಜಗಳವಾಡುವುದು ಹೇಗೆ?

ಬೇಸಿಗೆಗೆ ಬರುತ್ತೇನೆ. ಮಗುವಿಗೆ ಒಂದೆರಡು ಹಲ್ಲು ಬರಲಿ. ಅಲ್ಲಿಯವರೆಗೆ ಮುಚ್ಚಳಕ್ಕೆ ಸೂಜಿಯನ್ನೂ ತಾಗಿಸಬೇಡ.

ಕೆಂಡಕ್ಕ


ಮಾರ್ಚ್ ೨

ಕೆಂಡಕ್ಕಾ,

ನಿನ್ನ ಒಂದು ಉಸಿರು ಎಷ್ಟು ಉದ್ದ ಮಾರಾಯ್ತಿ? ನೀನು ಒಂದು ಉಸಿರು ಬಿಡುವಷ್ಟರಲ್ಲಿ ನಾನು ಮೂರು ಜನರ ಯೋಗಕ್ಷೇಮ ವಿಚಾರಿಸಿರುತ್ತೇನೆ. ನೀನು ಹೇಳಿದ ಹಾಗೇ ಕೈ ಇಟ್ಟೆ. ಅಂಗೈಯಲ್ಲಿ ಬೊಬ್ಬೆ ಎದ್ದಿತು, ಕೋಳಿ ಮಾತ್ರ ಹಸಿಯಾಗಿಯೇ ಉಳಿಯಿತು. ನನ್ನ ಕೈಗೆ ಸುಡುತ್ತದೆ ಎನ್ನುವುದು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ಆಮೇಲೆ ನಿನ್ನ ಮಾತು ಮೀರದೆ, ತೂತಿಲ್ಲದ ದಾರಿ ಹುಡುಕಿದೆ. ಅಯಸ್ಕಾಂತದ ಥರ್ಮಾಮೀಟರ್ ಸಿಗುತ್ತದೆ, ಮುಚ್ಚಳದ ಹೊರಗೇ ಅಂಟಿಕೊಳ್ಳುತ್ತದೆ. ಅಂಟಿಸಿದೆ. ಅದಕ್ಕೆ ತಿಳಿಯುವುದು ಹೊರಗಿನ ತಗಡಿನ ಸಮಾಚಾರ ಮಾತ್ರ ಎಂದು ನನಗೇನು ಗೊತ್ತು? ಅವತ್ತು ಗಾಳಿ ಬೇರೆ ಜೋರಾಗಿತ್ತು, ತಗಡು ಆರುತ್ತಿತ್ತು, ಮುಳ್ಳು ಎಪ್ಪತ್ತರ ಹತ್ತಿರವೇ ತೂಕಡಿಸುತ್ತಿತ್ತು. ನಾನು ಕಟ್ಟಿಗೆ ತುರುಕುತ್ತಲೇ ಇದ್ದೆ. ತೆಗೆದು ನೋಡಿದರೆ ಮೀನು ಹಲಗೆಯಾಗಿತ್ತು. ಚಪ್ಪಲಿ ಹೊಲಿಯುವಾತ ಒಂದನ್ನು ಎತ್ತಿ ಬಗ್ಗಿಸಿ ನೋಡಿ, "ಅಟ್ಟೆಗೆ ಆಗುತ್ತೆ, ಇನ್ನೊಂದು ಜೊತೆ ಇದ್ರೆ ಕೊಡಿ" ಅಂದ.

ಒಳಗೆ ಕೋಳಿ ಜೋಡಿಸುವ ಜಾಲರಿಯ ಮೇಲೆ ನಿಲ್ಲಿಸುವ ಇನ್ನೊಂದನ್ನು ತಂದೆ. ಅದು ಪಾಪ ಸತ್ಯವಂತ. ಆದರೆ ಅದರ ಮುಖ ನೋಡಲು ಮುಚ್ಚಳ ಎತ್ತಬೇಕು. ಎತ್ತಿದರೆ ಬಿಸಿಯೆಲ್ಲ ಹಾರಿಹೋಗುತ್ತದೆ, ಆಮೇಲೆ ಅದು ಹಾರಿಹೋದ ಮೇಲಿನ ಲೆಕ್ಕ ಹೇಳುತ್ತದೆ. ತಲೆ ಚಚ್ಚಿಕೊಂಡೆ.

ಎದುರುಗಡೆ ಹೊಸ ಅಂಗಡಿ ಆಗಿದೆ, ಗಾಜಿನ ಬಾಗಿಲು, ಒಳಗೆ ಎಲ್ಲ ಎಣ್ಣೆಯಲ್ಲಿ ಕರಿಯುತ್ತಾರೆ. ಮೊನ್ನೆ ಮೀಸೆ ಡ್ರೈವರ್ ಅಲ್ಲಿ ಪೇಪರ್ ಅಡ್ಡ ಹಿಡಿದು ಕೂತಿದ್ದ. ಪೇಪರಿನ ಎರಡೂ ಕಡೆಯಿಂದ ಮೀಸೆ ಕಾಣುತ್ತಿತ್ತು. ಕೈ ಬೀಸಿ ಕರೆಯೋಣ ಅನ್ನಿಸಿತು, ಆಗಲಿಲ್ಲ. ನಮ್ಮ ಬೆಂಚಿನಲ್ಲಿ ಇಷ್ಟು ವರ್ಷ ಕೂತವನು.

ಈಗ ನನಗೆ ಬೇಕಾದದ್ದು ಬಿಸಿಯ ಲೆಕ್ಕವಲ್ಲ ಕಣೇ. ಸುತ್ತಿ ಬಳಸಿ ಕೇಳುವುದಿಲ್ಲ. ನೀನು ವಾಪಸ್ಸು ಬರುತ್ತೀಯಾ, ಇಲ್ಲವಾ? ಬರುವೆಯಾದರೆ ಮುಚ್ಚಳವನ್ನು ಮುಟ್ಟುವುದಿಲ್ಲ. ಬರುವವರೆಗೆ ಮೀನು ಹಲಗೆಯಾದರೂ ಆಗಲಿ, ಅಟ್ಟೆಯಾದರೂ ಆಗಲಿ. ಬರುವುದಿಲ್ಲವಾದರೆ ಕೊರೆಸುತ್ತೇನೆ. ಒಂದು ಸಾಲು ಬರೆ, ಸಾಕು.

ನಿನ್ನ ಅಕ್ಷರ ಯಾಕೆ ಹೀಗೆ ಕುಂಬಳಕಾಯಿ ಗಾತ್ರ ಆಗಿದೆ? ಕನ್ನಡಕ ಬದಲಾಯಿಸು.

ನಿನ್ನ
ಬಾಯಿಬಡುಕಿ


ಏಪ್ರಿಲ್ ೯

ಕೆಂಡಕ್ಕಾ,

ಅಂಚೆಯವನು ಈಗ ನನ್ನನ್ನು ನೋಡಿದರೆ ದೂರದಿಂದಲೇ ತಲೆ ಅಲ್ಲಾಡಿಸಿಬಿಡುತ್ತಾನೆ. ಒಂದು ಸಾಲು ಕೇಳಿದ್ದೆ. ಅದೂ ಬರಲಿಲ್ಲ.

ಕಾದೂ ಕಾದೂ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಸುಮ್ಮನೆ ನೋಡಿ ಬರೋಣ ಎಂದು ಹೋದದ್ದು. ಅಂಗಡಿಯಾತ ಮೂರು ತೆಗೆದಿಟ್ಟ. ಮೂರಕ್ಕೂ ಹಿಂದೆ ಉದ್ದನೆಯ ಕಡ್ಡಿ ಇದೆ, ಅದು ಮುಚ್ಚಳದ ಒಳಗೆ ಹೋಗುತ್ತದೆ, ಒಳಗಡೆಯಿಂದ ನಟ್ಟು ಬಿಗಿಯಬೇಕು. ಒಂದರ ಮುಖ ಅಂಗಿಯ ಗುಂಡಿಯಷ್ಟು. ಅದನ್ನು ಓದಲು ನಾನು ಮೂಗನ್ನೇ ಸುಟ್ಟುಕೊಳ್ಳಬೇಕು. ಇನ್ನೊಂದರಲ್ಲಿ ಅಂಕಿಯೇ ಇಲ್ಲ, ಹಸಿರು ಹಳದಿ ಕೆಂಪು ಬಣ್ಣ ಬಳಿದಿದ್ದಾರೆ. ಕೆಂಪು ಎಂದರೆ ಬಿಸಿ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಮೂರನೆಯದು ಬಿಳಿ ಮುಖ, ಕಪ್ಪು ಅಂಕಿ, ಚಿಕ್ಕ ತಟ್ಟೆಯಷ್ಟು ಅಗಲ.

"ನೀರು ಕುದಿಸಿ," ಅಂದೆ.

"ಟೀ ಬೇಕಾ ಅಮ್ಮಾ?"

"ಟೀ ಬೇಡ. ನೀರು ಕುದಿಯೋದು ನೂರಕ್ಕೆ ಅಂತ ಶಾಲೆಯಲ್ಲಿ ಹೇಳಿದ್ದಾರೆ. ನಿಮ್ಮ ಮುಳ್ಳುಗಳು ಶಾಲೆಗೆ ಹೋಗಿವೆಯಾ ನೋಡೋಣ."

ಕುದಿಯುವ ನೀರಿಗೆ ಅದ್ದಿದರೆ, ಗುಂಡಿಯಂಥದ್ದು ಎಂಬತ್ತು ದಾಟಲಿಲ್ಲ. ಬಣ್ಣದ್ದು ನೇರ ಕೆಂಪಿಗೆ ಹಾರಿ ಅಲ್ಲೇ ಸಿಕ್ಕಿಕೊಂಡಿತು. ಬಿಳಿ ಮುಖದ್ದು ಮಾತ್ರ ಅವಸರವಿಲ್ಲದೆ ಏರಿ ನೂರರ ಮೇಲೆ ನಿಂತಿತು. ಮೂರು ಸಲ ಅದ್ದಿಸಿದೆ, ಮೂರು ಸಲವೂ ಅಲ್ಲೇ. ಅಂಗಡಿಯಾತ ಬೆವರು ಒರೆಸಿಕೊಂಡು, "ನನ್ನ ಮಗನ್ನ ಕೆಲಸಕ್ಕೆ ತಗೊಂಡೋರೂ ಇಷ್ಟು ಪರೀಕ್ಷೆ ಮಾಡ್ಲಿಲ್ಲ ಕಣಮ್ಮ," ಅಂದ.

ತಂದಿಟ್ಟಿದ್ದೇನೆ. ಡಬ್ಬಿ ಬಿಚ್ಚಿಲ್ಲ. ಮೊಳೆಯಲ್ಲಿ ನಿನ್ನ ಏಪ್ರನ್ ನೇತಾಡುತ್ತದಲ್ಲ, ಅದರ ಪಕ್ಕದ ಹಲಗೆಯ ಮೇಲೆ ಇದೆ. ವೆಲ್ಡಿಂಗ್‌ನವನು ಡ್ರಿಲ್ ಹೆಗಲಿಗೆ ಹಾಕಿಕೊಂಡು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಇವತ್ತಾ ಅಮ್ಮಾ?" ಎನ್ನುತ್ತಾನೆ. ನಾಳೆ ಎನ್ನುತ್ತೇನೆ. ಆ ತೂತು ಕೊರೆದರೆ ನೀನು ಬರುವುದಿಲ್ಲ ಎಂದು ನಾನೇ ಒಪ್ಪಿಕೊಂಡಂತೆ. ನನ್ನ ಕೈಯಿಂದ ಆಗುವುದಿಲ್ಲ. ನೀನೇ ಹೇಳು. ಬೈದಾದರೂ ಹೇಳು.

ಬಾಯಿಬಡುಕಿ


ಏಪ್ರಿಲ್ ೨೭

ನನ್ನ ಬಾಯಿಬಡುಕೀ,

ಬರೆಯಬಾರದು ಎಂದಲ್ಲ. ಬರೆಯಲು ಕೂತು ಎಷ್ಟು ಕಾಗದ ಹರಿದೆನೋ. ಪೆನ್ನು ಹಿಡಿದದ್ದು ನನಗೆ ಗೊತ್ತಾಗುವುದಿಲ್ಲ. ಬಿಗಿಯಾಗಿ ಹಿಡಿದರೆ ಕಾಗದ ಹರಿಯುತ್ತದೆ, ಸಡಿಲವಾಗಿ ಹಿಡಿದರೆ ಜಾರುತ್ತದೆ. ಅದಕ್ಕೇ ಕುಂಬಳಕಾಯಿ. ಕನ್ನಡಕದ ತಪ್ಪಿಲ್ಲ.

ಬಲಗೈಯ ಅಂಗೈ ಮರಗಟ್ಟಿದೆ ಕಣೇ. ಬೆರಳ ತುದಿಯಿಂದ ಶುರುವಾಯಿತು. ನಾನು ಅಲ್ಲಿದ್ದಾಗಲೇ ಸಣ್ಣಗೆ ಜುಮುಜುಮು ಅನ್ನುತ್ತಿತ್ತು, ಚಳಿಗೆ ಇರಬೇಕು ಎಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ಪೂರ್ತಿ ಹೋಯಿತು. ಎಡಗೈಯೂ ಅದೇ ದಾರಿ ಹಿಡಿದಿದೆ. ಡಾಕ್ಟರು ಸಕ್ಕರೆ ಕಾಯಿಲೆಯಿಂದ ನರ ಸೊರಗಿದೆ ಎಂದರು. ಇದ್ದದ್ದು ಉಳಿಸಿಕೊಳ್ಳಬಹುದು, ಹೋದದ್ದು ಬರುವುದಿಲ್ಲವಂತೆ.

ನಿನಗೆ ಬೈದು ಬರೆದೆನಲ್ಲ ಫೆಬ್ರವರಿಯಲ್ಲಿ, ಅಂಗೈ ಇಡು, ಬೆರಳಲ್ಲ, ಅಂಗೈ ಅಂತ. ಆಗ ನಂಬಿದ್ದೆ, ಸರಿಹೋಗುತ್ತದೆ ಎಂದು. ಬೇಸಿಗೆಗೆ ಬರುತ್ತೇನೆ ಎಂದದ್ದೂ ಮನಸಾರೆಯೇ. ಆಮೇಲೆ ಮಾರ್ಚ್‌ನಲ್ಲಿ ಒಂದು ದಿನ ಮಗುವಿನ ಸ್ನಾನಕ್ಕೆ ನೀರು ಬೆರೆಸಿದೆ. ಕೈ ಅದ್ದಿ ನೋಡಿದೆ, ಹದವಾಗಿದೆ ಅನ್ನಿಸಿತು. ಇಷ್ಟು ವರ್ಷ ಹದ ನೋಡಿದ ಕೈ, ಅನುಮಾನವೇ ಬರಲಿಲ್ಲ. ಮಗುವನ್ನು ಎತ್ತಿ ಟಬ್ಬಿನ ಮೇಲೆ ಹಿಡಿದಿದ್ದೆ. ಮಗಳು ಟವೆಲ್ ಕೊಡಲು ಬಂದವಳು ನೀರಿಗೆ ಬೆರಳಿಟ್ಟು ಚೀರಿಬಿಟ್ಟಳು. "ಅಮ್ಮಾ, ಇದು ಕುದಿಯೋ ನೀರು!" ಮಗುವನ್ನು ಕಿತ್ತುಕೊಂಡಳು. ಮಗುವಿಗೆ ಏನೂ ಆಗಲಿಲ್ಲ, ಪಾದ ಕೂಡ ತಾಗಿರಲಿಲ್ಲ. ನನ್ನ ಕೈ ಮಾತ್ರ ಮಣಿಕಟ್ಟಿನವರೆಗೆ ಕೆಂಪಾಗಿತ್ತು. ನನಗೆ ನೋವೇ ಇರಲಿಲ್ಲ.

ಮಗಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮರುದಿನ ಸ್ನಾನದ ನೀರಿಗೆ ಹಾಕುವ ಒಂದು ಥರ್ಮಾಮೀಟರ್ ತಂದಿಟ್ಟಳು, ಬಾತುಕೋಳಿಯ ಆಕಾರದ್ದು. ಅದು ನೀರಿನಲ್ಲಿ ತೇಲಿಕೊಂಡು ನನ್ನನ್ನೇ ನೋಡುತ್ತದೆ. ಅದಾದ ಮೇಲೆ ನಿನ್ನ ಕಾಗದಕ್ಕೆ ಉತ್ತರ ಬರೆಯಲು ಹೇಗೆ ಮನಸ್ಸು ಬರುತ್ತದೆ ಹೇಳು? ನೀನು ಕಾಯುತ್ತಿದ್ದದ್ದು ನನ್ನ ಕೈಗೆ. ಆ ಕೈ ಈಗ ಇಲ್ಲ.

ತೂತು ಕೊರೆಸು. ಆದರೆ ಅವನು ಅಂದಕ್ಕೆಂದು ನಟ್ಟನಡುವೆ ಕೊರೆಯುತ್ತಾನೆ, ಬಿಡಬೇಡ. ಮೇಲೆ ನೆತ್ತಿಯಲ್ಲಿ ಬಿಸಿಯೆಲ್ಲ ಗುಂಪುಗೂಡುತ್ತದೆ, ಮುಳ್ಳು ಜಂಬ ಕೊಚ್ಚುತ್ತದೆ, ಕೆಳಗೆ ಮಾಂಸ ಹಸಿಯಾಗಿಯೇ ಇರುತ್ತದೆ. ಒಲೆಯ ಕಡೆಯೂ ಬೇಡ, ಅಲ್ಲಿ ಬೆಂಕಿಯ ಉಸಿರು ನೇರ ತಾಗುತ್ತದೆ. ಕೊಳವೆಯ ಕಡೆ, ಜಾಲರಿ ಬರುವ ಎತ್ತರದಿಂದ ನಾಲ್ಕು ಬೆರಳು ಮೇಲೆ. ಮುಚ್ಚಳ ಮುಚ್ಚಿಕೊಂಡೇ ಅಳತೆ ಮಾಡಿಸು. ತೂತಿನ ಅಂಚನ್ನು ಅರದಿಂದ ಉಜ್ಜಿಸು, ಇಲ್ಲವಾದರೆ ತುಕ್ಕು ಹಿಡಿಯುತ್ತದೆ.

ಕೊರೆಯುವಾಗ ನೀನು ಅಲ್ಲಿರು. ಅವನೊಬ್ಬನನ್ನೇ ಬಿಡಬೇಡ.

ಕೆಂಡಕ್ಕ


ಮೇ ೨೦

ಕೆಂಡಕ್ಕಾ,

ನಿನ್ನ ಕಾಗದ ಓದಿ ಅಂಗಡಿ ಮುಚ್ಚಿದೆ. ಎರಡು ದಿನ ತೆಗೆಯಲಿಲ್ಲ. ನಾನು ಎಂಥ ಕತ್ತೆ! ಕನ್ನಡಕ ಬದಲಾಯಿಸು ಎಂದು ಬರೆದೆನಲ್ಲ.

ಮೂರನೆಯ ದಿನ ವೆಲ್ಡಿಂಗ್‌ನವನನ್ನು ಕರೆದೆ. ನೀನು ಹೇಳಿದ ಜಾಗ ಹುಡುಕಲು ಪಟ್ಟಿ ಹಿಡಿದು ಬಗ್ಗಿದವನು ಹಾಗೇ ನಿಂತ. "ಅಮ್ಮಾ, ಇಲ್ಲಿ ನೋಡಿ," ಅಂದ. ಇಡೀ ಮುಚ್ಚಳ ಹೊಗೆ ಹಿಡಿದು ಕಪ್ಪಗಿದೆಯಲ್ಲ, ಅಲ್ಲೊಂದು ಜಾಗದಲ್ಲಿ ಮಾತ್ರ ತಗಡು ನುಣ್ಣಗೆ ಹೊಳೆಯುತ್ತಿತ್ತು. ಅಂಗೈಯಷ್ಟೇ ಜಾಗ. ಇಷ್ಟು ವರ್ಷ ದಿನವೂ ನೋಡಿದ ನನಗೆ ಕಾಣಿಸಿರಲಿಲ್ಲ. ಅವನು ಅಳತೆ ಪಟ್ಟಿ ಮಡಚಿ ಜೇಬಿಗೆ ಹಾಕಿಕೊಂಡ.

ಡ್ರಿಲ್ ಶುರುವಾದಾಗ ಅಲ್ಲಿ ನಿಂತಿದ್ದೆ, ನೀನು ಹೇಳಿದ ಹಾಗೆ. ಕಣ್ಣು ಮಾತ್ರ ಮುಚ್ಚಿಕೊಂಡಿದ್ದೆ. ಆ ಸದ್ದು ನನ್ನ ಹಲ್ಲಿಗೇ ಕೊರೆದಂತೆ ಆಯಿತು. ಅರದಿಂದ ಉಜ್ಜಿದ, ಎರಡೂ ಕಡೆ ವಾಷರ್ ಹಾಕಿದ, ನಟ್ಟು ಬಿಗಿದ. ಕೂಲಿ ಬೇಡ ಎಂದ. ಅವನಿಗೆ ಬೈದದ್ದನ್ನು ವಾಪಸ್ಸು ತೆಗೆದುಕೋ. ನೀರಿನ ಡ್ರಮ್ಮಿನದು ಬೇಕಾದರೆ ಇಟ್ಟುಕೋ.

ಈಗ ನಗುವ ಭಾಗ. ಮೊದಲ ದಿನ ಕೋಳಿ ಜೋಡಿಸಿ ಮುಚ್ಚಳ ಹಾಕಿದೆ. ಮುಳ್ಳು ನಲವತ್ತರಲ್ಲಿ ನಿಂತಿತು. ಏಳುವುದೇ ಇಲ್ಲ. ಕಟ್ಟಿಗೆ ಹಾಕಿದೆ, ಐವತ್ತು. ಮತ್ತೆ ಹಾಕಿದೆ, ಐವತ್ತೈದು. ಕೊಳವೆಯಿಂದ ರೈಲು ಹೊರಟಂತೆ ಹೊಗೆ. ಅಂಗಡಿಯಾತನ ಮುಖಕ್ಕೆ ಎಸೆದು ಬರುತ್ತೇನೆ ಎಂದು ಹೊರಟವಳು, ಯಾವುದಕ್ಕೂ ಇರಲಿ ಎಂದು ಮುಚ್ಚಳ ಎತ್ತಲು ಹೋದರೆ ಭಾರ. ಎತ್ತಿದರೆ ಮುಚ್ಚಳದ ಜೊತೆ ಒಂದು ಕೋಳಿಯೂ ಎದ್ದು ಬಂತು! ಆ ಕಡ್ಡಿ ನೇರ ಅದರ ಎದೆಗೆ ಚುಚ್ಚಿಕೊಂಡು ಕೂತಿತ್ತು. ಅಷ್ಟು ಹೊತ್ತು ನಾನು ಓದುತ್ತಿದ್ದದ್ದು ಡೊಳ್ಳಪ್ಪನ ಬಿಸಿಯನ್ನಲ್ಲ, ಕೋಳಿಯ ಒಳಗಿನ ಜ್ವರವನ್ನು. ಉಳಿದವೆಲ್ಲ ಬೂದಿ. ನೆಲಕ್ಕೆ ಕೂತು ನಕ್ಕೆ. ನೀನು ಪಕ್ಕದಲ್ಲಿಲ್ಲವಲ್ಲ ಎಂದು ಆಮೇಲೆ ಅತ್ತೆ.

ಈಗ ಕಡ್ಡಿಯ ಕೆಳಗೆ ಜಾಗ ಬಿಟ್ಟು ಜೋಡಿಸುತ್ತೇನೆ. ಮುಳ್ಳು ನೂರಹತ್ತಕ್ಕೆ ಬಂದಾಗ ಏರಿಸಿದರೆ ಕೋಳಿ ಬೆಣ್ಣೆಯಂತೆ ಬರುತ್ತದೆ. ಹೆಚ್ಚುಕಡಿಮೆ ನಿನ್ನದರ ಹಾಗೇ. ಮೀಸೆ ಡ್ರೈವರ್ ವಾಪಸ್ಸು ಬಂದಿದ್ದಾನೆ, ಪೇಪರ್ ಇಲ್ಲದೆ. ಬರುವ ತಿಂಗಳು ಅವನ ನಿವೃತ್ತಿ. ಊಟ ನಮ್ಮಲ್ಲೇ ಆಗಬೇಕಂತೆ, ಕೆಂಡಕ್ಕ ಬರಲೇಬೇಕಂತೆ. ನೀನು ಏನೂ ಮಾಡಬೇಡ. ಬಂದು ಕೂತು ತಿನ್ನು, ಸಾಕು.

ಬಾಯಿಬಡುಕಿ


ಜುಲೈ ೧

ಬಾಯಿಬಡುಕಿ,

ಬಸ್ಸಿಳಿದು ಮನೆ ಸೇರಿದೆ. ನೀನು ಕಟ್ಟಿಕೊಟ್ಟ ಕೋಳಿಯನ್ನು ಅಳಿಯ ಮೂಳೆ ಬಿಡದೆ ತಿಂದ. ಮನೆಯೆಲ್ಲ ಹೊಗೆಯ ವಾಸನೆ ಆಯಿತು ಎಂದು ಮಗಳು ಕಿಟಕಿ ತೆರೆದಳು, ನಾನು ಮುಚ್ಚಿದೆ.

ಒಂದು ಮಾತು ಹೇಳದಿದ್ದರೆ ನಿದ್ದೆ ಬರುವುದಿಲ್ಲ. ಅವತ್ತು ನಿವೃತ್ತಿಯ ಊಟಕ್ಕೆ ಎಲ್ಲರೂ ಡೊಳ್ಳಪ್ಪನ ಸುತ್ತ ನಿಂತಿದ್ದರಲ್ಲ. ಮೀಸೆ ಡ್ರೈವರ್, "ಮುಳ್ಳುಗಿಳ್ಳು ನಂಗೊತ್ತಿಲ್ಲ, ಇವತ್ತು ಕೆಂಡಕ್ಕ ಕೈ ಇಟ್ಟು ಹೇಳ್ಬೇಕು, ಆಮೇಲೇ ಕೋಳಿ ಏರ್ಬೇಕು," ಎಂದು ಹಠ ಹಿಡಿದ. ಪಾಪ, ಅವನಿಗೆ ನನ್ನ ಕೈಯ ವಿಷಯ ಗೊತ್ತಿಲ್ಲ. ನೀನು ಯಾರಿಗೂ ಹೇಳಿರಲಿಲ್ಲ. ಎಲ್ಲರೂ ಸುಮ್ಮನಾದರು, ಮೊದಲಿನ ಹಾಗೇ. ಆಗುವುದಿಲ್ಲ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಕೈ ಇಟ್ಟೆ. ಏನೂ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿದಂತೆ ಮಾಡಿ, ರೆಪ್ಪೆಯ ಸಂದಿಯಿಂದ ನಿನ್ನ ಮುಳ್ಳು ನೋಡಿದೆ. ನೂರಹತ್ತು. "ಆಯ್ತು, ಏರಿಸು," ಅಂದೆ. ಚಪ್ಪಾಳೆ ಹೊಡೆದರು. ಅವನು ಮೀಸೆ ತಿರುವುವ ನೆಪದಲ್ಲಿ ಕಣ್ಣು ಒರೆಸಿಕೊಂಡ. ನೀನು ಕೋಳಿಯ ತಟ್ಟೆ ಹಿಡಿದು ಅವಸರದಲ್ಲಿದ್ದೆ, ನೋಡಿರಲಾರೆ. ಸುಳ್ಳು ಹೇಳಿದೆ ಕಣೇ, ಡೊಳ್ಳಪ್ಪನ ಮುಂದೆಯೇ. ನಾಚಿಕೆಯಾಯಿತು.

ಇನ್ನು ನಾನು ಅಲ್ಲಿಗೆ ಬಂದು ಮಾಡುವುದೇನು? ಬೆಂಕಿ ಈಗ ನಿನ್ನ ಮಾತು ಕೇಳುತ್ತದೆ. ಕೋಳಿ ಚೆನ್ನಾಗಿತ್ತು, ಹೊಟ್ಟೆಕಿಚ್ಚು ಬರುವಷ್ಟು ಚೆನ್ನಾಗಿತ್ತು. ಮೊಳೆಯಲ್ಲಿರುವ ಏಪ್ರನ್ನನ್ನು ಮಸಿಬಟ್ಟೆ ಮಾಡಿಕೋ. ನನಗಾಗಿ ಕಾಯಬೇಡ.

ಕೆಂಡಕ್ಕ


ಜುಲೈ ೧೦

ಕೆಂಡಕ್ಕಾ,

ನೋಡಿದೆ.

ನಿನ್ನ ರೆಪ್ಪೆ ಅಲ್ಲಾಡಿದ್ದನ್ನೂ ನೋಡಿದೆ, ಕೈಯನ್ನೂ ನೋಡಿದೆ. ಒಂದು ಉಸಿರಾಯಿತು, ಎರಡಾಯಿತು, ಮೂರಾಯಿತು, ನಿನ್ನ ಕೈ ಮುಚ್ಚಳದ ಮೇಲೇ ಇತ್ತು. ಸುಡುತ್ತಿದ್ದದ್ದು ನನಗೆ. ಎಲ್ಲರ ಮುಂದೆ "ಕೈ ತೆಗಿ" ಎಂದು ಕೂಗುವುದು ಹೇಗೆ? ಅದಕ್ಕೇ ಹಸಿ ಕೋಳಿಯ ತಟ್ಟೆಯನ್ನು ನಿನ್ನ ಎರಡೂ ಕೈಗೆ ತುರುಕಿ, "ಹಿಡ್ಕೊ, ನನಗೆ ಸೊಂಟ ನೋವು," ಎಂದದ್ದು. ನನ್ನ ಸೊಂಟಕ್ಕೆ ಏನೂ ಆಗಿಲ್ಲ. ಬೊಬ್ಬೆ ಬಂದಿರಬೇಕು, ಬಂದಿದೆ ಅಲ್ಲವೇ? ಮಗಳಿಗೆ ತೋರಿಸು, ಮುಚ್ಚಿಡಬೇಡ.

ಸುಳ್ಳು ಹೇಳಿದೆ ಎನ್ನುತ್ತೀಯ. ನೂರಹತ್ತು ಇತ್ತು, ನೀನು ಆಯ್ತು ಅಂದೆ. ಇದರಲ್ಲಿ ಸುಳ್ಳು ಎಲ್ಲಿ ಬಂತು?

ಈಗ ನನ್ನ ಗೋಳು ಕೇಳು. ಮುಳ್ಳು ನೋಡುತ್ತ ನಿಂತರೆ ಗಿರಾಕಿ ಎದ್ದು ಹೋಗುತ್ತಾನೆ. ಗಿರಾಕಿಯ ಜೊತೆ ಮಾತಿಗೆ ನಿಂತರೆ ಮುಳ್ಳು ನೂರೈವತ್ತಕ್ಕೆ ಓಡುತ್ತದೆ. ನಿನ್ನೆ ಒಬ್ಬನಿಗೆ ಎರಡು ತಟ್ಟೆ ಕೊಟ್ಟೆ, ಇನ್ನೊಬ್ಬನಿಗೆ ಕೊಡಲೇ ಇಲ್ಲ. ಅದಕ್ಕೇ ಒಂದು ತೀರ್ಮಾನ ಮಾಡಿದ್ದೇನೆ. ಇಷ್ಟು ವರ್ಷ ಬೆಂಕಿ ನಿನ್ನದು, ಗಿರಾಕಿ ನನ್ನದು. ಇನ್ನು ಮೇಲೆ ಅದಲುಬದಲು. ಮುಳ್ಳು ನಾನು ನೋಡಿಕೊಳ್ಳುತ್ತೇನೆ, ನೀನು ಮುಂದೆ ನಿಂತು ಗಿರಾಕಿ ನೋಡು. ಬಿಸಿ ತಟ್ಟೆ ನಿನ್ನ ಕೈಗೆ ಕೊಡುವುದಿಲ್ಲ, ಮರದ ಟ್ರೇ ಮಾಡಿಸಿದ್ದೇನೆ, ಅಗಲ ಹಿಡಿಕೆಯದು. ನೀನು ಎಲ್ಲರಿಗೂ ಬೈಯುತ್ತೀಯ, ಗೊತ್ತು. ಒಂದು ವಾರದಲ್ಲಿ ಅರ್ಧ ಜನ ಓಡಿಹೋಗುತ್ತಾರೆ, ಅದೂ ಗೊತ್ತು. ಓಡಲಿ ಬಿಡು.

ಮಗುವನ್ನು ಹಗಲು ಬಿಡಲು ಜಾಗ ಸಿಕ್ಕಿದೆ ಎಂದು ನಿನ್ನ ಮಗಳೇ ಹೇಳಿದಳು. "ಅಮ್ಮ ಮನೇಲಿ ಮಾತೇ ಆಡಲ್ಲ, ಬಾತುಕೋಳಿಯನ್ನ ದುರುಗುಟ್ಟಿ ನೋಡ್ತಾ ಕೂರ್ತಾಳೆ," ಅಂದಳು. ನೀನು ಮಾತಾಡದೆ ಕೂರುವುದಾ? ನಾನು ಇಲ್ಲಿ ಬೆಳಿಗ್ಗೆ ಕಟ್ಟಿಗೆ ಜೋಡಿಸುವಾಗ ನಿನ್ನ ಜೊತೆ ಜಗಳವಾಡಿ, ನಿನ್ನ ಪಾಲಿನ ಉತ್ತರವನ್ನೂ ನಾನೇ ಹೇಳಿಕೊಳ್ಳುತ್ತೇನೆ. ಹೋದವರು ಬಂದವರು ನಿಂತು ನೋಡುತ್ತಾರೆ. ಕೈಗೆ ಕಾಯುತ್ತಿದ್ದೆ ಎಂದು ಬರೆದೆಯಲ್ಲ ಏಪ್ರಿಲ್‌ನಲ್ಲಿ, ಅದಕ್ಕೆ ನನಗೆ ಇನ್ನೂ ಸಿಟ್ಟಿದೆ. ನಾನು ಕಾಯುತ್ತಿದ್ದದ್ದು ನಿನಗೆ.

ಬಾ.

ಬಾಯಿಬಡುಕಿ


ಜುಲೈ ೧೯

ಬಾಯಿಬಡುಕೀ,

ಬೊಬ್ಬೆ ಬಂದಿತ್ತು. ಒಣಗಿದೆ. ಮಗಳಿಗೆ ತೋರಿಸಿದೆ, ಬೈದಳು, ಕಟ್ಟು ಹಾಕಿದಳು. ಬೈದದ್ದು ಹಿತವಾಗಿತ್ತು.

ಗಿರಾಕಿಗಳಿಗೆ ನಗಬೇಕಾ? ನನಗೆ ಬರುವುದಿಲ್ಲ, ಮೊದಲೇ ಹೇಳಿದ್ದೇನೆ. ಬೆಂಚಿನ ಮೇಲೆ ಕಾಲಿಟ್ಟು ಕೂರುವವರನ್ನು ಎಬ್ಬಿಸುತ್ತೇನೆ. ಮೀಸೆಯವನು ನಿವೃತ್ತನಾದರೂ ಸಾಲಿನಲ್ಲೇ ನಿಲ್ಲಬೇಕು. ಎದುರಂಗಡಿಯವರು ನಮ್ಮ ಕಡೆ ಕಸ ತಳ್ಳಿದರೆ ಆ ಗಾಜಿನ ಬಾಗಿಲು ತಟ್ಟುವವಳು ನಾನು, ನೀನು ಅಡ್ಡ ಬರಬೇಡ.

ಭಾನುವಾರದ ಬಸ್ಸಿಗೆ ಬರುತ್ತೇನೆ. ಮಗಳು ಟಿಕೆಟ್ ತಂದಿದ್ದಾಳೆ. ನೀನು ನಿಲ್ದಾಣಕ್ಕೆ ಬರಬೇಡ, ಅಲ್ಲಿ ಅಳುತ್ತೀಯ, ನನಗೆ ಮುಜುಗರ. ಏಪ್ರನ್ ಮಸಿಬಟ್ಟೆ ಮಾಡಿದ್ದರೆ ನಿನ್ನನ್ನು ಬಿಡುವುದಿಲ್ಲ.

ಒಂದೇ ಒಂದು ಕೇಳುತ್ತೇನೆ, ಇಲ್ಲ ಅನ್ನಬೇಡ. ಬೆಳಿಗ್ಗೆ ಬೆಂಕಿ ಹಚ್ಚಿದ ಹೊಸದರಲ್ಲಿ, ಯಾರೂ ಬರುವ ಮೊದಲು, ಮುಚ್ಚಳ ಇನ್ನೂ ಉಗುರುಬೆಚ್ಚಗಿರುವಾಗ, ನಾನು ಒಂದು ಸಲ ಕೈ ಇಡುತ್ತೇನೆ. ಅಂಗೈಗೆ ಏನೂ ತಿಳಿಯುವುದಿಲ್ಲ, ಗೊತ್ತು. ನೀನು ಪಕ್ಕದಲ್ಲಿ ನಿಂತು ಮುಳ್ಳು ಏರಿದ ಹಾಗೆ ಅಂಕಿಯನ್ನು ಗಟ್ಟಿಯಾಗಿ ಓದು. ನಲವತ್ತು, ನಲವತ್ತೈದು, ಐವತ್ತು ಅಂತ. ನಾನು ಕಣ್ಣು ಮುಚ್ಚಿಕೊಂಡಿರುತ್ತೇನೆ. ಸುಡುವ ಮೊದಲು ನೀನೇ ನನ್ನ ಕೈ ಎತ್ತಿಬಿಡು.

ಕೆಂಡಕ್ಕ